ಇಲ್ಲಿ ಸಿದ್ಧಪಡಿಸಿ ಅಲ್ಲಿ ನಡೆಸುವುದು: ಕ್ರಾಸ್ ಕಂಪೈಲರಿನ ರೋಗನಿದಾನ



ವೈದ್ಯನಾದವನು ಕಂಪ್ಯೂಟರಿನ ವಿಷಯ ಮಾತನಾಡುವುದು ತುಸು ಅಧಿಕಪ್ರಸಂಗವೇ ಸರಿ. ಆದರೆ ಕಳೆದ ಚಳಿಗಾಲದಲ್ಲಿ ನಾನೂ ನನ್ನ ಮಗಳೂ ಆಕ್ಲೆಂಡಿನ ನಮ್ಮ ಮನೆಯ ಗರಾಜಿನಲ್ಲಿ, ಲಸಿಕೆಯ ರೆಫ್ರಿಜರೇಟರಿನ ಉಷ್ಣತೆಯನ್ನು ದಾಖಲಿಸುವ ಪುಟ್ಟ ಉಪಕರಣವೊಂದನ್ನು ಪ್ರಯೋಗಾರ್ಥವಾಗಿ ಕಟ್ಟತೊಡಗಿದೆವು. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಿಸಬೇಕು. ಹೆಪಟೈಟಿಸ್ ಬಿ ಲಸಿಕೆಯಂಥವು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಇಂಥ ಉಪಕರಣದೊಳಗಿನ ಬೋರ್ಡಿಗೆ ತನ್ನ ಪ್ರೋಗ್ರಾಮನ್ನು ತಾನೇ ಕಂಪೈಲ್ ಮಾಡಿಕೊಳ್ಳುವಷ್ಟು ತ್ರಾಣ ಸಾಮಾನ್ಯವಾಗಿ ಇರುವುದಿಲ್ಲ. ಆದಕಾರಣ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೇ, ಬೋರ್ಡಿನ ಪ್ರೊಸೆಸರ್ ಅರಿಯುವ ಆಜ್ಞೆಗಳನ್ನು ಸಿದ್ಧಪಡಿಸಬೇಕು. ಈ ಕಾರ್ಯವನ್ನು ಮಾಡುವುದು ಕ್ರಾಸ್ ಕಂಪೈಲರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯೊಡನೆ ಸೇರಿ 2001ರಲ್ಲಿ ಪ್ರದರ್ಶಿಸಿದ ಸಿಂಪ್ಯೂಟರ್ ನಿಮಗೆ ನೆನಪಿರಬಹುದು. ಅದರೊಳಗಿದ್ದುದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ಪೆಂಟಿಯಂ ಯಂತ್ರಕ್ಕೆಂದು ಸಿದ್ಧವಾದ ಪ್ರೋಗ್ರಾಮು ಅದಕ್ಕೆ ಅರ್ಥವೇ ಆಗದು.

ನಮ್ಮ ಮೊದಲ ತೊಡಕು ವಿಚಿತ್ರವಾಗಿತ್ತು. ಕಂಪೈಲರ್ ಒಂದೂ ದೋಷ ಹೇಳಲಿಲ್ಲ. ಪ್ರೋಗ್ರಾಮನ್ನು ಬೋರ್ಡಿಗೆ ವರ್ಗಾಯಿಸಿ ನಡೆಸಿದರೆ, 'ಅಂಥ ಫೈಲ್ ಇಲ್ಲ' ಎಂಬ ಉತ್ತರ. ಫೈಲ್ ಕಣ್ಣೆದುರಿಗೇ ಇದೆ! ಕಂಪೈಲರನ್ನು ಎರಡು ಬಾರಿ ಅಳಿಸಿ ಮತ್ತೆ ಹಾಕಿದೆವು. ಒಂದು ವಾರಾಂತ್ಯವೇ ವ್ಯರ್ಥವಾಯಿತು. ಪರೀಕ್ಷೆ ಮಾಡದೆ ಔಷಧ ಬರೆಯುವ ವೈದ್ಯನನ್ನು ನಾನು ಎಷ್ಟು ಬೈದಿದ್ದೇನೋ!

ಹೃದಯಾಘಾತದ ರೋಗಿ ಎಡತೋಳು ನೋಯುತ್ತದೆ ಎನ್ನುತ್ತಾನೆ. ನೋವು ತೋಳಿನಲ್ಲಿ, ರೋಗ ಎದೆಯಲ್ಲಿ. ಇಲ್ಲಿಯೂ ಹಾಗೆಯೇ. ಇಲ್ಲದಿದ್ದುದು ನಮ್ಮ ಫೈಲ್ ಅಲ್ಲ, ಅದನ್ನು ನೆನಪಿಗೆ ಏರಿಸಿ ನಡೆಸಬೇಕಾದ ಲೋಡರ್. 'ರೀಡ್‌ಎಲ್ಫ್' ಎಂಬ ಉಪಕರಣದಿಂದ ಪ್ರೋಗ್ರಾಮಿನ ತಲೆಬರಹವನ್ನು ತೆರೆದು ನೋಡಿದರೆ, ಅದು ಯಾವ ಲೋಡರನ್ನು ಬಯಸುತ್ತದೆಂದು ತಿಳಿಯುತ್ತದೆ. ನಾವು ಹಾಕಿಕೊಂಡಿದ್ದ ಕಂಪೈಲರಿನ ಹೆಸರಿನ ಕೊನೆಯಲ್ಲಿ 'ಎಚ್‌ಎಫ್' ಎಂಬ ಎರಡಕ್ಷರಗಳಿದ್ದವು: ಹಾರ್ಡ್ ಫ್ಲೋಟ್, ಅಂದರೆ ದಶಮಾಂಶದ ಲೆಕ್ಕಗಳನ್ನು ಪ್ರೊಸೆಸರಿನಲ್ಲಿರುವ ಪ್ರತ್ಯೇಕ ಘಟಕಕ್ಕೆ ಒಪ್ಪಿಸುವ ಪದ್ಧತಿ. ಬೋರ್ಡಿನ ಲಿನಕ್ಸ್ ಆ ಪದ್ಧತಿಯದಲ್ಲ. ಅದರ ಲೋಡರಿನ ಹೆಸರೇ ಬೇರೆ. ಆ ಎರಡಕ್ಷರವಿಲ್ಲದ ಕಂಪೈಲರನ್ನು ತಂದುಕೊಂಡೆವು, ತೊಡಕು ಬಿಟ್ಟಿತು.

ದೂರು ಹೇಳುವ ರೋಗಿಯಾದರೂ ವಾಸಿ. ಎರಡನೆಯ ತೊಡಕು ದೂರನ್ನೇ ಹೇಳಲಿಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಕೃತಕ ಅಂಕಿಗಳನ್ನು ಕೊಟ್ಟು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಬಳಿಕ ಮಂಜುಗಡ್ಡೆಗೆ ಉಪ್ಪು ಬೆರೆಸಿ, ಬೋರ್ಡಿನ ಉಷ್ಣತಾಸೂಚಕವನ್ನು ಅದರಲ್ಲಿ ಅದ್ದಿದೆವು. ಶೂನ್ಯಕ್ಕಿಂತ 2 ಡಿಗ್ರಿ ಕೆಳಗಿರಬೇಕಾದಾಗ ಪರದೆಯ ಮೇಲೆ ಕಂಡದ್ದು 254!

ಕಾರಣವಿಷ್ಟೆ. ಸಿ ಭಾಷೆಯಲ್ಲಿ 'ಚಾರ್' ಎಂಬ ಒಂದು ಬೈಟಿನ ಅಂಕಿಗೆ ಋಣಚಿಹ್ನೆ ಉಂಟೋ ಇಲ್ಲವೋ ಎಂಬುದನ್ನು ಭಾಷೆಯ ನಿಯಮ ಕಂಪೈಲರಿಗೇ ಬಿಟ್ಟಿದೆ. ಮೇಜಿನ ಕಂಪ್ಯೂಟರಿನ ಲಿನಕ್ಸಿನಲ್ಲಿ ಅದು -128ರಿಂದ 127ರವರೆಗೆ. ಆರ್ಮ್ ಲಿನಕ್ಸಿನಲ್ಲಿ 0ಯಿಂದ 255ರವರೆಗೆ. ಅಲ್ಲಿ -2 ಎಂಬುದು 256ರಿಂದ ಎರಡು ಕಳೆದು 254 ಆಗಿಬಿಡುತ್ತದೆ. ಇದರ ಪರಿಣಾಮವನ್ನು ಯೋಚಿಸಿ. ಲಸಿಕೆ ಹೆಪ್ಪುಗಟ್ಟುತ್ತಿರುವಾಗ ಉಪಕರಣ ಉಷ್ಣ ಹೆಚ್ಚಿತೆಂದು ಗಂಟೆ ಬಾರಿಸುತ್ತದೆ. ಕೇಳಿದವರು ಬಂದು ತಂಪನ್ನು ಮತ್ತಷ್ಟು ಏರಿಸುತ್ತಾರೆ!

ಮಗಳು ಆ ಒಂದು ಸಾಲಿನಲ್ಲಿ 'ಚಾರ್' ಎಂಬುದರ ಹಿಂದೆ 'ಸೈನ್ಡ್' ಎಂದು ಸೇರಿಸಿದಳು. ಉಪ್ಪಿನ ಮಂಜು ಕರಗುವ ಮೊದಲೇ ಮತ್ತೊಮ್ಮೆ ಅದ್ದಿ ನೋಡಿದೆವು: -2.