ಯು-110: ಸೆರೆಯಾದ ಜಲಾಂತರ್ಗಾಮಿಯ ಸುತ್ತಲಿನ ತಪ್ಪು ಕಲ್ಪನೆಗಳು ಮತ್ತು ಸತ್ಯ

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಬಳಸುತ್ತಿದ್ದ ‘ಎನಿಗ್ಮಾ’ ಎಂಬ ಗೂಢಲಿಪಿ ಯಂತ್ರವನ್ನು, ಅಂದರೆ ಸಂದೇಶದ ಅಕ್ಷರಗಳನ್ನು ತಿರುಗುವ ಗಾಲಿಗಳ ಮೂಲಕ ಬೇರೆ ಅಕ್ಷರಗಳಾಗಿ ಮಾರ್ಪಡಿಸುವ ಸಾಧನವನ್ನು, ಜಲಾಂತರ್ಗಾಮಿಯೊಂದರಿಂದ ವಶಪಡಿಸಿಕೊಂಡವರು ಅಮೆರಿಕದ ನಾವಿಕರು ಎಂಬ ನಂಬಿಕೆಯನ್ನು 2000ರಲ್ಲಿ ತೆರೆಕಂಡ ‘ಯು-571’ ಚಲನಚಿತ್ರ ಬಲಪಡಿಸಿತು. ಆದರೆ ಯು-571 ಎಂದೂ ಸೆರೆಸಿಕ್ಕಲಿಲ್ಲ. 1944ರ ಜನವರಿ 28ರಂದು ಐರ್ಲೆಂಡಿನ ಪಶ್ಚಿಮಕ್ಕೆ ಆಸ್ಟ್ರೇಲಿಯಾದ ವಿಮಾನದ ದಾಳಿಗೆ ತುತ್ತಾಗಿ ಅದು ಸಿಬ್ಬಂದಿ ಸಮೇತ ಮುಳುಗಿತು. ಆ ಕಥೆಯನ್ನು ಹೋಲುವ ನಿಜ ಘಟನೆ ನಡೆದದ್ದು ಯು-110ರಲ್ಲಿ, 1941ರ ಮೇ 9ರಂದು, ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಏಳು ತಿಂಗಳಿದ್ದಾಗ.

ಬ್ರೆಮೆನ್‌ನಲ್ಲಿ ನಿರ್ಮಾಣಗೊಂಡು 1940ರ ನವೆಂಬರ್‌ನಲ್ಲಿ ನೌಕಾಪಡೆಗೆ ಸೇರಿದ ಯು-110ರ ಸೇವಾವಧಿ ಆರು ತಿಂಗಳನ್ನೂ ತುಂಬಲಿಲ್ಲ. ಅದರ ನಾಯಕ ಫ್ರಿಟ್ಸ್ ಯೂಲಿಯಸ್ ಲೆಂಪ್, ಬ್ರಿಟನ್ ಯುದ್ಧ ಘೋಷಿಸಿದ ದಿನವೇ ‘ಅಥೀನಿಯಾ’ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿದ್ದವನು. ತನ್ನ ಎರಡನೆಯ ಯುದ್ಧಯಾನದಲ್ಲಿ ಯು-110 ಐಸ್‌ಲೆಂಡಿನ ದಕ್ಷಿಣಕ್ಕೆ ಬ್ರಿಟಿಷ್ ಸರಕು ಹಡಗುಗಳ ಬೆಂಗಾವಲು ಸಾಲಿನ ಮೇಲೆ ಎರಗಿ ಎರಡು ಹಡಗುಗಳನ್ನು ಮುಳುಗಿಸಿತಾದರೂ, ‘ಆಬ್ರಿಶಿಯಾ’ ಯುದ್ಧನೌಕೆ ಎಸೆದ ಆಳಸ್ಫೋಟಕಗಳು, ಅಂದರೆ ನಿಗದಿತ ಆಳದಲ್ಲಿ ಸಿಡಿಯುವ ನೀರಿನ ಬಾಂಬುಗಳು, ಅದನ್ನು ಮೇಲಕ್ಕೆ ಬರುವಂತೆ ಮಾಡಿದವು. ನೌಕೆ ಮುಳುಗಿಯೇ ತೀರುವುದೆಂದು ನಂಬಿದ ಸಿಬ್ಬಂದಿ ಸಮುದ್ರಕ್ಕೆ ಧುಮುಕಿದರು. ಲೆಂಪ್ ಸೇರಿ 15 ಮಂದಿ ಸತ್ತರು, 32 ಮಂದಿ ಸೆರೆಯಾದರು.

ಖಾಲಿಯಾದ ಜಲಾಂತರ್ಗಾಮಿಯನ್ನು ಹತ್ತಲು ‘ಬುಲ್‌ಡಾಗ್’ ಎಂಬ ಬ್ರಿಟಿಷ್ ಯುದ್ಧನೌಕೆಯಿಂದ ಬಂದ ತುಕಡಿಯ ಮುಂದಾಳು ಡೇವಿಡ್ ಬಾಮ್‌ಗೆ ಆಗ ಕೇವಲ ಇಪ್ಪತ್ತು ವರ್ಷ. ಏಣಿಯಿಳಿಯಲು ಎರಡೂ ಕೈ ಬೇಕಿದ್ದುದರಿಂದ ಪಿಸ್ತೂಲನ್ನು ಒರೆಗೆ ಸೇರಿಸಿ, ಒಳಗೆ ಯಾರಾದರೂ ಕಾದಿರಬಹುದೆಂಬ ಅಳುಕಿನಲ್ಲೇ ಅವರು ಇಳಿದರು. ಒಳಗೆ ದೀಪಗಳು ಇನ್ನೂ ಉರಿಯುತ್ತಿದ್ದವು, ಆದರೆ ಒಬ್ಬ ಮನುಷ್ಯನೂ ಇರಲಿಲ್ಲ. ನಾವಿಕರು ಸಾಲಾಗಿ ನಿಂತು ಪುಸ್ತಕಗಳನ್ನೂ ನಕ್ಷೆಗಳನ್ನೂ ಕೈಯಿಂದ ಕೈಗೆ ಮೇಲಕ್ಕೆ ದಾಟಿಸಿದರು.

ಇಲ್ಲಿಯೇ ಎರಡನೆಯ, ಮೊದಲಿನದಕ್ಕಿಂತಲೂ ಆಳವಾಗಿ ಬೇರೂರಿದ ತಪ್ಪು ಕಲ್ಪನೆಯಿದೆ: ಯಂತ್ರ ಕೈಗೆ ಸಿಕ್ಕಿದ್ದರಿಂದ ಎನಿಗ್ಮಾದ ರಹಸ್ಯ ಬಯಲಾಯಿತು ಎಂಬುದು. ಎನಿಗ್ಮಾದ ಒಳರಚನೆಯನ್ನು ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿ 1932ರಲ್ಲಿಯೇ ಭೇದಿಸಿದ್ದರು. ಜರ್ಮನ್ ನೌಕಾಪಡೆ ಬಳಸುತ್ತಿದ್ದ ಹೆಚ್ಚುವರಿ ಗಾಲಿಗಳೂ 1940ರಲ್ಲಿಯೇ ಬ್ರಿಟಿಷರಿಗೆ ದೊರೆತಿದ್ದವು. ಗಾಲಿಗಳನ್ನು ಯಾವ ದಿನ ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು ತಿಳಿಯದಿದ್ದರೆ ಯಂತ್ರವಿದ್ದೂ ಪ್ರಯೋಜನವಿರಲಿಲ್ಲವಾದ್ದರಿಂದ, ಬೆಲೆಬಾಳುವ ಸಂಪತ್ತೆಂದರೆ ಕಾಗದಗಳೇ. ಯು-110ರಿಂದ ಕಿರುಸಂದೇಶಗಳ ಸಂಕೇತ ಪುಸ್ತಕವೂ ಅಧಿಕಾರಿಗಳಿಗೆ ಮೀಸಲಾದ ಸಂದೇಶಗಳ ವಿವರಗಳೂ ದೊರೆತವು. ನೀರು ತಗುಲಿದರೆ ಕರಗುವ ಶಾಯಿಯಲ್ಲಿ ಮುದ್ರಿತವಾಗಿದ್ದ ಇಂಥ ದಾಖಲೆಗಳು ಉಳಿದುಕೊಂಡದ್ದೇ ದೊಡ್ಡ ಸಂಗತಿ.

ಯು-110 ಕಾಳಗದಲ್ಲಿಯೇ ಮುಳುಗಿತೆಂಬುದೂ ಸರಿಯಲ್ಲ. ಐಸ್‌ಲೆಂಡಿನತ್ತ ಎಳೆದೊಯ್ಯುತ್ತಿದ್ದಾಗ ಮರುದಿನ ಅದು ಮುಳುಗಿತು. ಹತ್ತುವ ಕಾರ್ಯಾಚರಣೆ ಕಣ್ಣಿಗೆ ಬೀಳದಂತೆ ಸೆರೆಯಾಳುಗಳನ್ನು ಬೇಗನೆ ಹಡಗಿನ ಒಳಕ್ಕೆ ಕಳುಹಿಸಲಾಗಿದ್ದುದರಿಂದ ಜರ್ಮನರಿಗೆ ಸುಳಿವು ಸಿಗಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಸಂದೇಶಗಳೂ ಸದಾ ಓದಸಿಕ್ಕವು ಎಂಬುದು ಕೂಡ ತಪ್ಪು. 1942ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನ ಜಲಾಂತರ್ಗಾಮಿಗಳು ನಾಲ್ಕು ಗಾಲಿಗಳ ಯಂತ್ರಕ್ಕೆ ಬದಲಾದಾಗ ಬ್ರಿಟಿಷರಿಗೆ ಮತ್ತೆ ಸುಮಾರು ಹತ್ತು ತಿಂಗಳು ಕತ್ತಲೆ ಕವಿಯಿತು. ಅದನ್ನು ನೀಗಿದ ದಾಖಲೆಗಳನ್ನು ಅದೇ ವರ್ಷದ ಅಕ್ಟೋಬರ್ 30ರಂದು ಮೆಡಿಟರೇನಿಯನ್‌ನಲ್ಲಿ ಯು-559ರಿಂದ ಹೊರತಂದವರು ಬ್ರಿಟಿಷ್ ನೌಕಾಪಡೆಯ ಆಂಟನಿ ಫ್ಯಾಸನ್ ಮತ್ತು ಕಾಲಿನ್ ಗ್ರೇಜಿಯರ್. ಇಬ್ಬರೂ ಆ ನೌಕೆಯೊಡನೆಯೇ ಮುಳುಗಿ ಪ್ರಾಣ ತೆತ್ತರು.