ಬಿತ್ತುವ ಮುಂಚೆ ಬರುವವರು, ಒಕ್ಕಿದ ಮೇಲೆ ಬರುವವರು

ನಮ್ಮ ಹೊಲಗಳಿಗೆ ವಿದೇಶಿ ಬಂಡವಾಳ ಬರಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತಲೇ ಇದೆ. ದಾವಣಗೆರೆ ಜಿಲ್ಲೆಗೆ ಅದು ಬಂದು ವರ್ಷಗಳೇ ಆದವು. ಆದರೆ ಹೊಲದೊಳಗೆ ಇಳಿದಿಲ್ಲ, ಎರಡೂ ಬದುಗಳ ಮೇಲೆ ನಿಂತಿದೆ.

ನವೆಂಬರ್ ಹೊತ್ತಿಗೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಕಡೆ ಹೋದರೆ ರಸ್ತೆಯಲ್ಲಿ ಅರ್ಧ ಪಾಲು ವಾಹನಗಳಿಗೆ, ಇನ್ನರ್ಧ ಮೆಕ್ಕೆಜೋಳಕ್ಕೆ. ಡಾಂಬರಿನ ಮೇಲೆ ಉದ್ದಕ್ಕೂ ಹಳದಿ ಕಾಳು, ಗಾಡಿ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲು. ಹೆಂಗಸರು ಕಾಲಿನಿಂದಲೇ ಗೆರೆ ಎಳೆಯುತ್ತ ಕಾಳು ತಿರುವುತ್ತಾರೆ. ಮೋಡ ಕವಿದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕು. ತೇವಾಂಶ ಶೇ 14ಕ್ಕೆ ಇಳಿಯದಿದ್ದರೆ ಕೊಳ್ಳುವವರು ರೇಟು ಕಡಿಯುತ್ತಾರೆ.

ಈ ಕಾಳಿನ ಹಿಂದುಮುಂದು ವಿಚಾರಿಸಿದರೆ ಅರ್ಧ ಭೂಗೋಳ ಸುತ್ತಿದಂತಾಗುತ್ತದೆ. ಜೂನ್‌ನಲ್ಲಿ ಇದರ ಬೀಜ ಬಂದದ್ದು ಬಣ್ಣದ ಪಾಕೀಟಿನಲ್ಲಿ. ಆ ಪಾಕೀಟು ಜರ್ಮನಿಯ ಬಾಯರ್‌ನ ಡೆಕಾಲ್ಬ್ ಇರಬಹುದು, ಅಮೆರಿಕದ ಕೊರ್ಟೆವಾದ ಪಯನೀರ್ ಇರಬಹುದು, ಸ್ವಿಟ್ಜರ್ಲೆಂಡಿನಲ್ಲಿ ಕಚೇರಿ ಇಟ್ಟುಕೊಂಡು ಚೀನಾದ ಒಡೆತನದಲ್ಲಿರುವ ಸಿಂಜೆಂಟಾದ್ದಿರಬಹುದು, ಥಾಯ್ಲೆಂಡಿನ ಸಿ.ಪಿ. ಕಂಪನಿಯದೂ ಇರಬಹುದು. ಹೈದರಾಬಾದಿನ ಕಂಪನಿಗಳೂ ಅದೇ ಅಂಗಡಿಯ ಅದೇ ಕಪಾಟಿನಲ್ಲಿರುತ್ತವೆ. ಕೊಯ್ಲಾದ ಮೇಲೆ ಕಾಳು ಕೋಳಿ ಆಹಾರಕ್ಕೋ ಎಥೆನಾಲ್‌ಗೋ ಸ್ಟಾರ್ಚ್ ಕಾರ್ಖಾನೆಗೋ ಹೋಗುತ್ತದೆ. ಅಂಥದ್ದೊಂದು ಕಾರ್ಖಾನೆಯನ್ನು ಇದೇ ಜಿಲ್ಲೆಯಲ್ಲಿ ಕಟ್ಟಿದ್ದು ಅಮೆರಿಕದ ಕಾರ್ಗಿಲ್. ಬಿತ್ತುವ ಮೊದಲೂ ಒಕ್ಕಿದ ಮೇಲೂ ಹೊರಗಿನ ದುಡ್ಡಿದೆ. ನಡುವಿನ ಸುಮಾರು 120 ದಿನ ಮಾತ್ರ ಜಗಳೂರಿನವನದು.

ಬಳ್ಳಾರಿಯಿಂದ ದಾವಣಗೆರೆಗೆ

ಕಾರ್ಗಿಲ್ ಎಂಬ ಹೆಸರು ಇಲ್ಲಿನ ಹಿರಿಯ ರೈತರಿಗೆ ಹೊಸದಲ್ಲ. 1992ರ ಡಿಸೆಂಬರ್ 29ರಂದು ಕರ್ನಾಟಕ ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ, ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿದ್ದ ಅದರ ಬೀಜ ಘಟಕವನ್ನು ಕೆಡವಿದರು. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ಕಾಲ ಅದು. ಬೀಜದ ಮೇಲೆ ಪೇಟೆಂಟ್ ಬಂದರೆ ರೈತ ತನ್ನ ಕಣದ ಕಾಳನ್ನು ತಾನೇ ಬಿತ್ತಲಾರದ ಸ್ಥಿತಿ ಬರುತ್ತದೆ ಎಂದು ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಊರೂರು ತಿರುಗಿ ಹೇಳುತ್ತಿದ್ದರು.

ಆಮೇಲೆ ನಡೆದದ್ದು ರೈತ ಸಂಘ, ಕಾರ್ಗಿಲ್ ಇಬ್ಬರ ಲೆಕ್ಕಕ್ಕೂ ಸಿಗದ ಕತೆ. ಕಾರ್ಗಿಲ್ ತನ್ನ ಅಂತರರಾಷ್ಟ್ರೀಯ ಬೀಜ ವ್ಯವಹಾರವನ್ನು 1998ರಲ್ಲಿ ಮೊನ್ಸಾಂಟೊಗೆ ಮಾರಿತು. ಮೊನ್ಸಾಂಟೊವನ್ನು 2018ರಲ್ಲಿ ಬಾಯರ್ ಕೊಂಡಿತು. ಬೀಜ ಬಿಟ್ಟ ಕಾರ್ಗಿಲ್ ಕಾಳಿನ ಹಾದಿ ಹಿಡಿದು ಮತ್ತೆ ಬಂತು. ಬಳ್ಳಾರಿಯ ಘಟನೆಯಾಗಿ ಎರಡು ದಶಕ ದಾಟಿದ ಮೇಲೆ, ಸುಮಾರು 10 ಕೋಟಿ ಡಾಲರ್ ಹೂಡಿ, ಭಾರತದಲ್ಲಿ ತನ್ನ ಮೊದಲ ಮೆಕ್ಕೆಜೋಳ ಸ್ಟಾರ್ಚ್ ಕಾರ್ಖಾನೆಯನ್ನು ದಾವಣಗೆರೆ ಜಿಲ್ಲೆಯಲ್ಲಿ ಕಟ್ಟಿತು. ಈ ಸಲ ಯಾರೂ ಕಲ್ಲೆತ್ತಲಿಲ್ಲ. ಮೆಕ್ಕೆಜೋಳ ಸುತ್ತಲೂ ಹಬ್ಬಿತ್ತು, ಕೊಳ್ಳುವವರು ಎಷ್ಟಿದ್ದರೂ ಬೇಕಿತ್ತು.

ಕಣದ ಕಾಳನ್ನು ಮತ್ತೆ ಬಿತ್ತುವ ವಿಷಯದಲ್ಲಿ ಪ್ರೊಫೆಸರರ ಆತಂಕ ಬೇರೆ ದಾರಿಯಲ್ಲಿ ನಿಜವಾಯಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸಿಕೊಳ್ಳುವ ಹಕ್ಕನ್ನು ರೈತನಿಗೇ ಬಿಟ್ಟಿದೆ. ಆದರೆ ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಮರುವರ್ಷ ಬಿತ್ತಿದರೆ ಬೆಳೆ ಏಕರೂಪವಾಗಿ ಬರುವುದಿಲ್ಲ, ಇಳುವರಿ ಬೀಳುತ್ತದೆ. ಕಾನೂನು ತಡೆಯದಿದ್ದರೂ ತಳಿಯ ಗುಣವೇ ತಡೆಯುತ್ತದೆ. ಹಾಗಾಗಿ ಪ್ರತಿ ಮುಂಗಾರಿಗೂ ಹೊಸ ಪಾಕೀಟು.

ಬಾಗಿಲು ಎಲ್ಲಿ, ಬೀಗ ಎಲ್ಲಿ

ವಿದೇಶಿ ಕಂಪನಿಯೊಂದು ಇದೇ ಜಿಲ್ಲೆಯ ಚನ್ನಗಿರಿಯಲ್ಲಿ ಹತ್ತು ಎಕರೆ ತೋಟ ಕೊಂಡು ಅಡಿಕೆ ಬೆಳೆಯಬಹುದೇ? ಆಗದು. ಕೃಷಿಯಲ್ಲಿ ವಿದೇಶಿ ನೇರ ಹೂಡಿಕೆ ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ ಕೇಂದ್ರದ ಪಟ್ಟಿಯಿದೆ. ಬೀಜ ಮತ್ತು ಸಸಿ ಉತ್ಪಾದನೆ, ನಿಯಂತ್ರಿತ ವಾತಾವರಣದಲ್ಲಿ ಬೆಳೆಯುವ ತರಕಾರಿ ಮತ್ತು ಅಣಬೆ, ಹೂವು, ಜೇನು, ಪಶುಪಾಲನೆ, ಮೀನುಗಾರಿಕೆ, ಕೃಷಿಗೆ ಬೇಕಾದ ಸೇವೆಗಳು, ಇಷ್ಟರಲ್ಲಿ ಶೇ 100ರವರೆಗೆ ಹೂಡಬಹುದು. ಆಹಾರ ಸಂಸ್ಕರಣೆ, ಗೋದಾಮು, ಶೀತಲಗೃಹಗಳಿಗೂ ಅಡ್ಡಿಯಿಲ್ಲ. ತೋಟದ ಬೆಳೆಗಳಲ್ಲಿ ಮೊದಲು ಇದ್ದದ್ದು ಚಹಾ ಒಂದೇ. 2015ರ ನವೆಂಬರ್‌ನಲ್ಲಿ ಕಾಫಿ, ರಬ್ಬರ್, ಏಲಕ್ಕಿ, ತಾಳೆ ಎಣ್ಣೆಯ ಮರ ಮತ್ತು ಆಲಿವ್ ಸೇರಿದವು. ಅಡಿಕೆ ಸೇರಲಿಲ್ಲ. ಭತ್ತ, ಜೋಳ, ಮೆಕ್ಕೆಜೋಳದ ಸಾಮಾನ್ಯ ಬೇಸಾಯವೂ ಆ ಪಟ್ಟಿಯಲ್ಲಿಲ್ಲ.

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಅಷ್ಟಕ್ಕೇ ಪರದೇಶದವರು ಬಂದು ಬೇಸಾಯ ಮಾಡಲಾರರು. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿರುವ ನಮ್ಮೂರಿನ ಮಗನಿಗೂ ವಿದೇಶಿ ವಿನಿಮಯದ ನಿಯಮ ಕೃಷಿ ಜಮೀನು, ತೋಟ ಅಥವಾ ಫಾರ್ಮ್‌ಹೌಸ್ ಕೊಳ್ಳಲು ಬಿಡುವುದಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೆ.

ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಇದರಿಂದ ನಷ್ಟವೇನಿಲ್ಲ. ಅವನ ರಾಶಿ ಅಡಿಕೆಗೆ ತುಮ್‌ಕೋಸ್‌ನಂಥ ಸಹಕಾರ ಸಂಘದ ಮಾರುಕಟ್ಟೆ ಇದೆ, ಬೆಳೆಗಾರರದೇ ಬಂಡವಾಳ ಇದೆ. ಹೊರದೇಶದಿಂದ ಅವನು ಬಯಸುವುದು ದುಡ್ಡನ್ನಲ್ಲ, ಅಲ್ಲಿಯ ಅಡಿಕೆ ಇಲ್ಲಿಗೆ ಬಾರದಿರಲಿ ಎಂಬುದನ್ನು. ಅದಕ್ಕೇ 2023ರ ಫೆಬ್ರುವರಿಯಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ತೋಟದವರು ನಿಟ್ಟುಸಿರು ಬಿಟ್ಟದ್ದು. ಅದರ ಹಿಂದಿನ ವರ್ಷ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಗೆ ಆ ಕನಿಷ್ಠ ಬೆಲೆಯಿಂದ ವಿನಾಯಿತಿ ಕೊಟ್ಟಾಗ ಸಿಡಿದದ್ದೂ ಅವರೇ. ಹೊರಗಿನ ಮಾರುಕಟ್ಟೆ ನಂಬಿದವರ ಪಾಡೂ ಕಣ್ಣಮುಂದಿದೆ. 2025ರ ಮೇನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ ಬಳಸಬೇಡಿ ಎಂದಿತು. ಹಾಳೆ ತಟ್ಟೆ ಒತ್ತುತ್ತಿದ್ದ ಸಣ್ಣ ಘಟಕಗಳಿಗೆ ಕುತ್ತು ಬಂತು.

ಊರಲ್ಲಿ ಯಾರೂ ತಿನ್ನದ ಬೆಳೆ

ತುಂಗಭದ್ರೆಯ ದಂಡೆಯ ಹೊನ್ನಾಳಿ, ನ್ಯಾಮತಿಗಳಂಥ ನೀರಿನ ಆಸರೆಯ ತಾಲ್ಲೂಕುಗಳ ಮುಂದೆ ಇನ್ನೊಂದು ಮಾದರಿ ಇದೆ. ಅದು ವಿನೆಗರ್‌ನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುವ ಮಿಡಿಸೌತೆ (ಗರ್ಕಿನ್). 1990ರ ದಶಕದ ಆರಂಭದಲ್ಲಿ ಭಾರತದಲ್ಲಿ ಇದು ಶುರುವಾದದ್ದು ಕರ್ನಾಟಕದಲ್ಲೇ. ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿದ್ದು ಆಮೇಲೆ. 2020-21ರಲ್ಲಿ ದೇಶದಿಂದ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತಾಯಿತು, ಬೆಲೆ 22.3 ಕೋಟಿ ಡಾಲರ್. ಸುಮಾರು 90,000 ಸಣ್ಣ, ಅತಿಸಣ್ಣ ರೈತರು 65,000 ಎಕರೆಯಲ್ಲಿ ಬೆಳೆಯುತ್ತಾರೆ ಎಂಬುದು ಕೇಂದ್ರ ವಾಣಿಜ್ಯ ಸಚಿವಾಲಯದ ಲೆಕ್ಕ. 1909ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಉಪ್ಪಿನಕಾಯಿ ಮನೆತನ ರೈಟ್ಜೆಲ್ ಕೂಡ ಇದಕ್ಕಾಗಿ ಕರ್ನಾಟಕಕ್ಕೆ ಬಂದಿದೆ.

ಇಲ್ಲಿ ಕಂಪನಿ ಮೆಕ್ಕೆಜೋಳದವರಿಗಿಂತ ಒಂದು ಹೆಜ್ಜೆ ಒಳಗೆ ಬರುತ್ತದೆ. ಬೀಜ, ಗೊಬ್ಬರ, ಔಷಧಿಯನ್ನು ಸಾಲವಾಗಿ ಕೊಡುತ್ತದೆ. ಅದರ ಸಿಬ್ಬಂದಿ ಹೊಲಕ್ಕೆ ಬಂದು ನೋಡುತ್ತಾರೆ. ಯಾವ ಗಾತ್ರಕ್ಕೆ ಎಷ್ಟು ರೇಟು ಎಂಬುದು ಬಿತ್ತುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಕಾಯಿ ಸಣ್ಣದಿದ್ದಷ್ಟೂ ಬೆಲೆ ಹೆಚ್ಚು. 90 ದಿನದ ಬೆಳೆಗೆ ಎಕರೆಗೆ 4 ಟನ್ ಬಂದರೆ 80,000 ರೂಪಾಯಿ, ಖರ್ಚು ಕಳೆದು 40,000 ಉಳಿಯುತ್ತದೆ ಎಂದು ಅದೇ ಸಚಿವಾಲಯ ಹೇಳುತ್ತದೆ.

ಅದರ ಗೋಳೂ ಬೇರೆಯೇ. ಮಿಡಿಯನ್ನು ದಿನಾ ಬಿಡಿಸಬೇಕು. ಇವತ್ತು ಬೆರಳಿನಷ್ಟಿದ್ದದ್ದು ನಾಳೆ ದಪ್ಪವಾಗಿ ಕೆಳಗಿನ ಗ್ರೇಡಿಗೆ ಬೀಳುತ್ತದೆ. ಕೂಲಿಯವರು ಎರಡು ದಿನ ತಪ್ಪಿಸಿದರೆ ಲಾಭ ಹೋಯಿತು. ಔಷಧಿಯ ಅಂಶ ಯುರೋಪಿನ ಮಿತಿ ದಾಟಿದರೆ ಸರಕು ತಿರಸ್ಕೃತ. ಒಬ್ಬ ಕೊಳ್ಳದಿದ್ದರೆ ಇನ್ನೊಬ್ಬನಿಗೆ ಮಾರೋಣವೆಂದರೆ ಹೊನ್ನಾಳಿ ಸಂತೆಯಲ್ಲಿ ವಿನೆಗರ್ ಸೌತೆ ಕೇಳುವವರಿಲ್ಲ. ಆದರೂ ರೇಟು ಮೊದಲೇ ಗೊತ್ತಿರುತ್ತದೆ ಎಂಬ ಒಂದೇ ಕಾರಣಕ್ಕೆ ಈ ಬೆಳೆ ಮೂರು ದಶಕ ನಿಂತಿದೆ.

ಆಗಸ್ಟ್‌ನಲ್ಲಿ ಯಾರಿರುತ್ತಾರೆ?

ಮೊದಲೇ ಗೊತ್ತಿರುವ ಈ ರೇಟೇ ಮೆಕ್ಕೆಜೋಳದಲ್ಲಿ ಇಲ್ಲದಿರುವುದು. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕೊಯ್ಲು ಬಂದಾಗ ರಾಜ್ಯದ ಮಾರುಕಟ್ಟೆಗಳಲ್ಲಿ ಸಿಕ್ಕಿದ್ದು 1,600ರಿಂದ 1,800ರ ಆಸುಪಾಸು. ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ದಿನಗಟ್ಟಲೆ ಧರಣಿ ಕೂತರು. ಅದೇ ವರ್ಷ ಅಮೆರಿಕ ತನ್ನ ಮೆಕ್ಕೆಜೋಳವನ್ನು ಭಾರತ ಕೊಳ್ಳಬೇಕೆಂದು ವ್ಯಾಪಾರ ಮಾತುಕತೆಯಲ್ಲಿ ಒತ್ತಡ ಹಾಕುತ್ತಿತ್ತು.

ರೇಟಿನದು ಒಂದು ಪಾಡಾದರೆ ಬೆಳೆಯದು ಇನ್ನೊಂದು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2018ರ ಮೇನಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಪರವಾನಗಿ ಕೇಳದೆ ಬಂದು ನೇರ ಹೊಲದ ನಡುವೆಯೇ ಇಳಿದ ವಿದೇಶಿ ಅದೊಂದೇ. ಸುಳಿಯೊಳಗೆ ಕೂತು ಎಲೆ ತಿನ್ನುವ ಅದಕ್ಕೆ ಔಷಧಿ ಹೊಡೆಯುವ ಖರ್ಚು ರೈತನದು. ಜುಲೈ, ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ಜಗಳೂರಿನ ಕೆಂಪು ಮಣ್ಣಿನಲ್ಲಿ ಪೈರು ಮೊಣಕಾಲೆತ್ತರಕ್ಕೇ ಸುರುಟುತ್ತದೆ. ಆಗ ಬೀಜದ ದುಡ್ಡು ಕಂಪನಿಗೆ ಸೇರಿಯಾಗಿರುತ್ತದೆ. ಕಾರ್ಖಾನೆಗೆ ಜಗಳೂರಲ್ಲದಿದ್ದರೆ ಹಾವೇರಿ, ಅಲ್ಲೂ ಇಲ್ಲದಿದ್ದರೆ ಬಿಹಾರ.

ಬರಗಾಲದ ಈ ತಾಲ್ಲೂಕಿಗೆ ನೀರು ತರಲು ಹೊರಟದ್ದು ಸರ್ಕಾರದ ದುಡ್ಡೇ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯ ಪೈಪಿಗಾಗಲಿ, ಭದ್ರಾ ಮೇಲ್ದಂಡೆಯ ಕಾಲುವೆಗಾಗಲಿ ಯಾವ ಬೀಜ ಕಂಪನಿಯೂ ಕಾಸು ಹಾಕಲಿಲ್ಲ. ಮೇಲ್ದಂಡೆಗೆ 2023-24ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆ ದುಡ್ಡಿಗಾಗಿ ರಾಜ್ಯ ಕೇಳುತ್ತಲೇ ಬಂದಿದೆ.

ಆದ್ದರಿಂದ ಹೂಡಿಕೆದಾರರ ಸಮಾವೇಶದಲ್ಲಿ ಎಷ್ಟು ಕೋಟಿ ಎಂದು ಕೇಳುವ ಬದಲು ಯಾವ ತಿಂಗಳಲ್ಲಿ ಎಂದು ಕೇಳುವುದು ಮೇಲು. ಕೊಯ್ಲಿಗೆ ಕಾಳು ಒಣಗಿಸುವ ಯಂತ್ರ ಹೋಬಳಿಗೊಂದು ಇದ್ದರೆ ತೇವಾಂಶದ ಹೆಸರಲ್ಲಿ ರೇಟು ಕಡಿಯುವುದು ತಪ್ಪುತ್ತದೆ. ಗೋದಾಮಿನ ರಸೀದಿ ಮೇಲೆ ಸಾಲ ಸಿಕ್ಕರೆ ನವೆಂಬರ್‌ನಲ್ಲೇ ಮಾರುವ ಅವಸರ ಇರುವುದಿಲ್ಲ. ಮಿಡಿಸೌತೆಯಂತೆ ಬಿತ್ತನೆಗೆ ಮುಂಚೆ ಕನಿಷ್ಠ ಬೆಲೆಯ ಕರಾರಾಗಿ, ಮಳೆ ಕೈಕೊಟ್ಟ ವರ್ಷ ಬೀಜದ ಸಾಲದಲ್ಲಿ ಒಂದು ಪಾಲನ್ನು ಕೊಟ್ಟವನೂ ಹೊತ್ತರೆ ಅದನ್ನು ಪಾಲುದಾರಿಕೆ ಎನ್ನಬಹುದು. ಇದ್ಯಾವುದಕ್ಕೂ ವಿದೇಶಿ ಹೂಡಿಕೆಯ ಕಾನೂನು ಅಡ್ಡ ಬರುವುದಿಲ್ಲ.

ಅಡ್ಡಿ ನಮ್ಮ ಕಡೆಯೂ ಒಂದಿದೆ. ಬಳ್ಳಾರಿಯ ಆ ಬೀಜದ ವ್ಯವಹಾರ ಮೂವತ್ತು ವರ್ಷದೊಳಗೆ ಮೂರು ಒಡೆಯರನ್ನು ಕಂಡಿತು. ಕಾಗದಪತ್ರ ಅಚ್ಚುಕಟ್ಟಾಗಿ ಕೈ ಬದಲಾಯಿತು. ಅದೇ ಬೀಜ ಬಿತ್ತಿದ ಎಷ್ಟೋ ಹೊಲಗಳ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರಿದೆ. ಪೌತಿ ಖಾತೆಯಾಗದೆ ಮೊಮ್ಮಗನಿಗೆ ಬ್ಯಾಂಕಿನ ಸಾಲವೇ ಸಿಗುವುದು ಕಷ್ಟ, ಕಂಪನಿಯ ಜತೆ ಕರಾರಿಗೆ ಸಹಿ ಹಾಕುವುದಂತೂ ದೂರ. ತಾಲ್ಲೂಕು ಕಚೇರಿಯಲ್ಲಿ ಮುಗಿಯಬೇಕಾದ ಈ ಕೆಲಸಕ್ಕೆ ಡಾಲರ್ ಬೇಡ.

ಅಷ್ಟಾದ ಮೇಲೆ ಬರುವವರು ಬರಲಿ. ಅವರ ದುಡ್ಡು ಹೊಲದವರೆಗೆ ತಲುಪಿತೋ ಇಲ್ಲವೋ ಎಂಬುದು ನವೆಂಬರ್‌ನಲ್ಲಿ ಜಗಳೂರಿನ ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಡ್ರೈವರ್‌ಗೆ ಪೂರ್ತಿ ರಸ್ತೆ ಸಿಕ್ಕಿದ್ದರೆ, ಬಂದಿದೆ ಎಂದು ತಿಳಿಯಬಹುದು.