ಉಪಕರಣದ ಗಾಳಿಯಲ್ಲಿ ದೂಳು

ಕರ್ಜಗಿಯಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ, ಹರಿಹರಕ್ಕೆ ಮುನ್ನ, ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಮರದಿಂದ ರೇಯಾನ್ ತಿರುಳು ತಯಾರಿಸುವ ಕಾರ್ಖಾನೆ ಸಿಗುತ್ತದೆ. ಇಂಥ ಕಾರ್ಖಾನೆಗಳಲ್ಲಿ ಉಗಿ, ದ್ರಾವಣಗಳ ಕವಾಟಗಳನ್ನು ಸಾಮಾನ್ಯವಾಗಿ ತೆರೆದು ಮುಚ್ಚುವುದು ಸಂಪೀಡಿತ ಗಾಳಿ. ಅದರಲ್ಲಿ ಕಿಡಿಯ ಭಯವಿಲ್ಲ. ಸಂಕೇತವೂ ಗಾಳಿಯ ಒತ್ತಡವೇ ಆಗಿರಬಹುದು: 0.2 ಬಾರ್ ಕನಿಷ್ಠ, 1 ಬಾರ್ ಗರಿಷ್ಠ. ಸಂಕೇತ ವಿದ್ಯುನ್ಮಾನವಾದ ಹೊಸ ಉಪಕರಣಗಳಲ್ಲೂ ಕವಾಟವನ್ನು ತಳ್ಳುವುದು ಬಹುಮಟ್ಟಿಗೆ ಗಾಳಿಯೇ.

ಈ ಸಂಕೇತ ಹುಟ್ಟುವ ಬಗೆ ಸರಳ. ಸುಮಾರು 0.25 ಮಿಮೀ ವ್ಯಾಸದ ಕಿರುರಂಧ್ರದ ಮೂಲಕ ಗಾಳಿ ಪುಟ್ಟ ಕೋಣೆಯೊಂದಕ್ಕೆ ಬಂದು, ಮೂತಿಯ ಮೂಲಕ ಹೊರಹೋಗುತ್ತದೆ. ಮೂತಿಯ ಎದುರು, ಉಷ್ಣತೆ ಬದಲಾದಂತೆ ಸರಿಯುವ ತೆಳು ಪಟ್ಟಿ. ಅದು ಹತ್ತಿರ ಬಂದರೆ ಕೋಣೆಯ ಒತ್ತಡ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ಇಡೀ ಆಟ ನಡೆಯುವುದು ಮಿಲಿಮೀಟರಿನ ಕೆಲವೇ ನೂರನೆಯ ಅಂಶಗಳಷ್ಟು ಅಂತರದಲ್ಲಿ.

ಕಿರುರಂಧ್ರದ ಒಳಗೋಡೆಗೆ ಎಣ್ಣೆ ಬೆರೆತ ದೂಳು 0.025 ಮಿಮೀ ದಪ್ಪಕ್ಕೆ ಅಂಟಿತೆನ್ನಿ. ವ್ಯಾಸ 0.20 ಮಿಮೀ ಆಗುತ್ತದೆ. ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಮೊದಲಿನ ಶೇ. 64ಕ್ಕೆ ಇಳಿಯುತ್ತದೆ. ಕೋಣೆಯ ಒತ್ತಡ ಕುಸಿಯುತ್ತದೆ. ಅದೇ ದೂಳು ಮೂತಿಯನ್ನು ಕಟ್ಟಿದರೆ ಒತ್ತಡ ಏರುತ್ತದೆ! ಎರಡರಲ್ಲೂ ಉಷ್ಣತೆ ಬದಲಾಗದೆಯೇ ಬದಲಾದಂತೆ ಸಂಕೇತ ಹೋಗಿ, ಉಗಿಯ ಕವಾಟ ತಪ್ಪು ಸ್ಥಾನಕ್ಕೆ ಸರಿಯುತ್ತದೆ. ಮುರಿದ ಕವಾಟ ಕಣ್ಣಿಗೆ ಬೀಳುತ್ತದೆ. ಈ ದೋಷ ಬೀಳದು.

ದೂಳು ಬರುವುದೆಲ್ಲಿಂದ? ಹೊರಗಿನಿಂದ ಎಂಬ ಉತ್ತರ ಅರ್ಧ ಮಾತ್ರ ಸರಿ. ಹತ್ತಿಯ ಎಳೆ, ಮೆಣಸಿನಕಾಯಿಯ ಪುಡಿಗಳನ್ನು ಸಂಪೀಡಕದ ಬಾಯಲ್ಲಿರುವ ಸೋಸುಕ ತಡೆಯುತ್ತದೆ. ಆದರೆ ಗಾಳಿಯನ್ನು ಎಂಟರಲ್ಲೊಂದು ಗಾತ್ರಕ್ಕೆ ಒತ್ತಿ ತಂಪಾಗಿಸಿದಾಗ ಅದರಲ್ಲಿನ ಆವಿ ನೀರಾಗಿ, ಉಕ್ಕಿನ ಕೊಳವೆಗೆ ತುಕ್ಕು ಹಿಡಿಸುತ್ತದೆ. ನೀರು ತೆಗೆಯಲೆಂದು ಇಟ್ಟ ಸಿಲಿಕಾ ಜೆಲ್ ಹರಳುಗಳೂ ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತವೆ. ಮದ್ದೇ ಹೊಸ ರೋಗ ತಂದಂತೆ! ಆದ್ದರಿಂದ ಜೆಲ್ ಇರುವ ಶುಷ್ಕಕದಿಂದ ಗಾಳಿ ಹೊರಬರುವಲ್ಲಿ ಒಂದು, ಪ್ರತಿ ಉಪಕರಣದ ಬುಡದಲ್ಲಿ ಇನ್ನೊಂದು ಸೋಸುಕ ಬೇಕು. 1996ರ ಅಮೆರಿಕನ್ ಮಾನಕವೊಂದು ಉಪಕರಣಕ್ಕೆ ಹೋಗುವ ಕಣಗಳಿಗೆ 40 ಮೈಕ್ರೊಮೀಟರಿನ ಮಿತಿ ಹಾಕಿತು. ಅದು ಮೂತಿಯೆದುರಿನ ಅಂತರಕ್ಕೇ ಹೆಚ್ಚುಕಡಿಮೆ ಸಮ. 5 ಮೈಕ್ರೊಮೀಟರಿನ ಸೋಸುಕವೇ ಲೇಸೆಂದು ನನ್ನ ಅಭಿಪ್ರಾಯ.

ನಾರಿನ ಸೋಸುಕ ಬರಿಯ ಜರಡಿಯಲ್ಲ. ಗಾಳಿ ನಾರನ್ನು ಬಳಸಿ ಹೋಗುವಾಗ ದೊಡ್ಡ ಕಣ ಜಡತ್ವದಿಂದ ನೇರ ಸಾಗಿ ನಾರಿಗೆ ಬಡಿಯುತ್ತದೆ. ಅತಿ ಸಣ್ಣದು ಬ್ರೌನಿಯನ್ ಚಲನೆಯಿಂದ ಅಲೆದಾಡಿ ಅಂಟುತ್ತದೆ. ಹೆಚ್ಚು ನುಸುಳುವುದು ಸುಮಾರು 0.3 ಮೈಕ್ರೊಮೀಟರಿನ ನಡುಗಾತ್ರದ್ದು.

ಸೋಸುಕದ ಬಟ್ಟಲಿನಲ್ಲಿ ನಿಂತ ನೀರನ್ನು ಆಗಾಗ ಹೊರಬಿಡಬೇಕು. ಸೋಸುಕದ ಎರಡು ಬದಿಗಳ ಒತ್ತಡದ ವ್ಯತ್ಯಾಸ ಏರುತ್ತ ಹೋದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದರ್ಥ.